ಮೊದಲು ಜೀವ ಉಳಿಯಲಿ, ಬಿಡುವ ಮಾತು ಆಮೇಲೆ

ಪ್ರಶ್ನೆ: ನನಗೆ 34 ವರ್ಷ, ಗೇ. ಆ್ಯಪ್‌ನಲ್ಲಿ ಸಿಕ್ಕವರ ಜೊತೆ ವಾರಾಂತ್ಯದ ಪಾರ್ಟಿಗಳಿಗೆ ಹೋಗುತ್ತೇನೆ. ಅಲ್ಲಿ ಮೆತ್, ಮೆಫೆಡ್ರೋನ್, ಜಿ (ಜಿಎಚ್‌ಬಿ ಅಥವಾ ಜಿಬಿಎಲ್) ಅಂತ ಡ್ರಗ್ಸ್ ಎಲ್ಲಾ ಇರುತ್ತೆ. ಈಗೀಗ ಅದಿಲ್ಲದೆ ಸೆಕ್ಸ್ ಬೇಡವೇ ಬೇಡ ಅನ್ನಿಸುತ್ತಿದೆ. ಮೊನ್ನೆ ಒಬ್ಬ ಹುಡುಗ ಜಿ ತಗೊಂಡು ಗೊರಕೆ ಹೊಡೆಯುತ್ತಾ ಬಿದ್ದುಬಿಟ್ಟ. ಅಲುಗಾಡಿಸಿದರೂ ಏಳಲಿಲ್ಲ. ‘ಮಲಗಲಿ ಬಿಡು’ ಅಂದರು ಎಲ್ಲರೂ. ಬೆಳಿಗ್ಗೆ ಎದ್ದ, ಪುಣ್ಯ. ನನಗೆ ಎಚ್‌ಐವಿ ಇದೆ, ಪಾರ್ಟಿ ದಿನಗಳಲ್ಲಿ ಮಾತ್ರೆ ತಪ್ಪುತ್ತೆ. ಪೂರ್ತಿ ಬಿಡೋಕೆ ಈಗಲೇ ಮನಸ್ಸಿಲ್ಲ. ಡಾಕ್ಟರ್ ಮುಂದೆ ಹೇಳೋಕೆ ನಾಚಿಕೆ. ಏನು ಮಾಡಲಿ?

ಉತ್ತರ: ಆ ಗೊರಕೆ ನಿದ್ದೆಯ ಗೊರಕೆ ಅಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಜಿ ತಗೊಂಡವರು ಎಬ್ಬಿಸಿದರೂ ಏಳದೆ ಗೊರ ಗೊರ ಅಂತ ಉಸಿರಾಡುತ್ತಿದ್ದರೆ ಉಸಿರಿನ ದಾರಿ ಕಟ್ಟಿಕೊಳ್ಳುತ್ತಿದೆ ಅಂತ ತಿಳಿಯಿರಿ. ಹೆಸರು ಹಿಡಿದು ಕೂಗಿ, ಭುಜ ಗಟ್ಟಿಯಾಗಿ ಅಲುಗಾಡಿಸಿ. ಉತ್ತರ ಬರಲಿಲ್ಲವೋ, ಆಂಬುಲೆನ್ಸ್ ಕರೆಯಿರಿ. ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲಿನ ಮಂಡಿ ಮಡಚಿ ಮುಂದಕ್ಕಿಡಿ, ತಲೆ ತುಸು ಹಿಂದಕ್ಕೆ, ಬಾಯಿ ನೆಲದ ಕಡೆಗೆ. ವಾಂತಿಯಾದರೆ ಹೊರಗೆ ಬರಬೇಕು, ಶ್ವಾಸಕೋಶಕ್ಕೆ ಇಳಿಯಬಾರದು. ಅವರನ್ನು ಒಬ್ಬರನ್ನೇ ಬಿಟ್ಟು ಹೋಗಬೇಡಿ. ಪೊಲೀಸರು ಬರುತ್ತಾರೆ, ಮನೆಯವರಿಗೆ ಗೊತ್ತಾಗುತ್ತೆ ಅನ್ನೋ ಭಯಕ್ಕೆ ಎಷ್ಟೋ ರೂಮುಗಳಲ್ಲಿ ಯಾರೂ ಫೋನ್ ತೆಗೆಯೋದಿಲ್ಲ. ಆ ಭಯ ಸುಳ್ಳಲ್ಲ, ಆದರೆ ಉಸಿರು ನಿಂತ ಮೇಲೆ ಕೈಯಲ್ಲಿ ಉಳಿಯೋದು ಕೆಲವೇ ನಿಮಿಷ.

ಜಿ ಯಾಕೆ ಇಷ್ಟು ಕೆಟ್ಟದ್ದು ಅಂದರೆ, ಮತ್ತೇರೋದಕ್ಕೂ ಪ್ರಜ್ಞೆ ತಪ್ಪೋದಕ್ಕೂ ನಡುವೆ ಅಂತರ ತೀರಾ ಕಡಿಮೆ. ‘ಇನ್ನೂ ಏರಲಿಲ್ಲ’ ಅಂತ ಬೇಗನೆ ಇನ್ನೊಮ್ಮೆ ತಗೊಂಡವರೇ ಜಾಸ್ತಿ ಬೀಳೋದು. ಮದ್ಯದ ಜೊತೆ, ನಿದ್ದೆ ಮಾತ್ರೆ ಜೊತೆ, ಕೆಟಮಿನ್ ಜೊತೆ ಅದನ್ನು ಬೆರೆಸಲೇಬೇಡಿ. ಬಣ್ಣವಿಲ್ಲದ ದ್ರವ, ನೋಡಿದರೆ ನೀರಿನ ಹಾಗೇ ಇರುತ್ತೆ, ಯಾರೋ ಗುಟುಕು ಹಾಕಿಬಿಟ್ಟರೆ ಕಥೆ ಮುಗೀತು. ಬಾಟಲಿಗೆ ಚೀಟಿ ಅಂಟಿಸಿ ಬೇರೆ ಇಡಬೇಕು. ರೂಮಿನಲ್ಲಿ ಒಬ್ಬರಾದರೂ ಏನೂ ತಗೊಳ್ಳದೆ ಎಚ್ಚರವಾಗಿರಬೇಕು.

ಈಗ ನಿಮ್ಮ ಮಾತ್ರೆ ವಿಷಯ. ಸುಮ್ನೆ ಒಂದು ದಿನ ತಪ್ಪಿದರೆ ಆಕಾಶ ಬೀಳೋದಿಲ್ಲ, ಆದರೆ ಪದೇ ಪದೇ ತಪ್ಪಿದರೆ ವೈರಸ್ ಮತ್ತೆ ಏರುತ್ತೆ, ಆ ಔಷಧಿಗೆ ಬಗ್ಗದೇ ಇರೋದನ್ನೂ ಕಲಿಯುತ್ತೆ. ಫೋನ್‌ನಲ್ಲಿ ಅಲಾರಂ ಇಡಿ, ಹೋಗುವ ಬ್ಯಾಗಿನಲ್ಲಿ ಎರಡು ದಿನದ ಮಾತ್ರೆ ಹಾಕಿಕೊಂಡೇ ಹೋಗಿ. ಇನ್ನೊಂದು ವಿಷಯವನ್ನು ಯಾರೂ ಹೇಳಿರೋದಿಲ್ಲ. ಕೆಲವು ಎಚ್‌ಐವಿ ಚಿಕಿತ್ಸೆಗಳಲ್ಲಿ ರಿಟೊನಾವಿರ್ ಅಥವಾ ಕೋಬಿಸಿಸ್ಟ್ಯಾಟ್ ಇರುತ್ತೆ, ಇವು ಮೆತ್, ಮೆಫೆಡ್ರೋನ್, ಜಿ, ವಯಾಗ್ರ ಎಲ್ಲವನ್ನೂ ದೇಹದಲ್ಲಿ ಹೆಚ್ಚು ಹೊತ್ತು, ಹೆಚ್ಚು ಜೋರಾಗಿ ಉಳಿಸಿಬಿಡಬಲ್ಲವು. ನಿಮ್ಮ ಮಾತ್ರೆಯಲ್ಲಿ ಏನಿದೆ ಅಂತ ಡಾಕ್ಟರನ್ನು ಕೇಳಿ. ಹೇಳಬೇಕಾಗಿರೋದು ಇಷ್ಟೇ: ‘ನಾನು ಸೆಕ್ಸ್ ಸಮಯದಲ್ಲಿ ಮೆತ್ ಮತ್ತು ಜಿ ತಗೊಳ್ಳುತ್ತೇನೆ, ನನ್ನ ಮಾತ್ರೆ ಜೊತೆ ಅಪಾಯ ಇದೆಯಾ?’ ಬಾಯಲ್ಲಿ ಬರೋದಿಲ್ಲ ಅಂದರೆ ಫೋನ್‌ನಲ್ಲಿ ಬರೆದು ತೋರಿಸಿ. ಅವರು ಮುಖ ಸಿಂಡರಿಸಿದರೆ ತಪ್ಪು ಅವರದ್ದು, ಬೇರೆ ಡಾಕ್ಟರನ್ನು ಹುಡುಕಿ.

ಪಾಪರ್ಸ್ (ಬಾಟಲಿಯಿಂದ ಮೂಸುವ ನೈಟ್ರೈಟ್ ಆವಿ) ಮತ್ತು ವಯಾಗ್ರ ಒಟ್ಟಿಗೆ ಬೇಡ, ರಕ್ತದೊತ್ತಡ ಧಡ್ ಅಂತ ಕುಸಿಯುತ್ತೆ. ಸೂಜಿ, ಸಿರಿಂಜ್, ನೀರು, ಚಮಚ, ಮೂಗಿಗೆ ಎಳೆಯುವ ಕೊಳವೆ ಯಾವುದನ್ನೂ ಹಂಚಿಕೊಳ್ಳಬೇಡಿ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು ಹೆಪಟೈಟಿಸ್ ಸಿ ದಾಟೋಕೆ.

ಪೂರ್ತಿ ಬಿಡೋಕೆ ಮನಸ್ಸಿಲ್ಲ ಅಂದಿದ್ದೀರಿ. ಸರಿ, ಅದು ಸಹಾಯ ಕೇಳೋಕೆ ಅಡ್ಡಿಯಲ್ಲ. ಮುಂದಿನ ಎರಡು ವಾರಾಂತ್ಯ ಪಾರ್ಟಿ ಬೇಡ ಅಂತ ಮಾತ್ರ ನೋಡಿ, ಆ್ಯಪ್ ತೆಗೆದುಹಾಕಿ, ಶನಿವಾರ ಸಂಜೆ ಒಬ್ಬ ಗೆಳೆಯನ ಜೊತೆ ಕಳೆಯುವ ಹಾಗೆ ಮೊದಲೇ ಮಾತಾಡಿಕೊಳ್ಳಿ. ಎಷ್ಟು ಕಷ್ಟವಾಯಿತು ಅನ್ನೋದೇ ನಿಮಗೆ ಎಷ್ಟು ಸಹಾಯ ಬೇಕು ಅಂತ ಹೇಳುತ್ತೆ. ಆದರೆ ಒಂದು ಎಚ್ಚರಿಕೆ. ಜಿಯನ್ನು ದಿನವೂ, ಹಗಲೂ ರಾತ್ರಿ ತಗೊಳ್ಳುವ ಹಂತಕ್ಕೆ ಬಂದಿದ್ದರೆ ಮನೆಯಲ್ಲೇ ದಿಢೀರ್ ಅಂತ ನಿಲ್ಲಿಸಬೇಡಿ. ನಡುಕ, ಭ್ರಮೆ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು, ಅದನ್ನು ಆಸ್ಪತ್ರೆಯಲ್ಲೇ ಬಿಡಿಸಬೇಕು.

ಡ್ರಗ್ಸ್ ಇಲ್ಲದೆ ಸೆಕ್ಸ್ ಬೇಡ ಅನ್ನಿಸೋದು ಬಹಳ ಜನಕ್ಕೆ ಆಗುತ್ತೆ. ಚಿಕ್ಕಂದಿನಿಂದ ‘ನೀನು ಸರಿಯಿಲ್ಲ’ ಅಂತ ಕೇಳುತ್ತಾ ಬೆಳೆದವನಿಗೆ ಮೆತ್ ಮೊದಲ ಸಲ ಆ ಹಿಂಜರಿಕೆಯನ್ನೆಲ್ಲ ತೆಗೆದುಬಿಡುತ್ತೆ, ಒಬ್ಬ ಗಂಡಸನ್ನು ಭಯವಿಲ್ಲದೆ ಮುಟ್ಟೋಕೆ ಬಿಡುತ್ತೆ, ಅದನ್ನು ಮರೆಯೋದು ಸುಲಭ ಅಲ್ವೇ ಅಲ್ಲ. ಅದಕ್ಕೇ ಬರೀ ಡ್ರಗ್ಸ್ ಬಿಡಿಸುವವರು ಸಾಲದು, ಸೆಕ್ಸ್ ಬಗ್ಗೆಯೂ ಸಂಕೋಚವಿಲ್ಲದೆ ಮಾತಾಡುವ ಕೌನ್ಸೆಲರ್ ಬೇಕು. ಲಂಡನ್ನಿನ 56 ಡೀನ್ ಸ್ಟ್ರೀಟ್ ಕ್ಲಿನಿಕ್‌ನಲ್ಲಿ ಡೇವಿಡ್ ಸ್ಟುವರ್ಟ್ ಇದನ್ನೇ ಮಾಡಿ ತೋರಿಸಿದರು. ಲೈಂಗಿಕ ಆರೋಗ್ಯದ ಪರೀಕ್ಷೆಗೆ ಬಂದವರ ಜೊತೆ ಅಲ್ಲೇ ಕೆಮ್‌ಸೆಕ್ಸ್ (ಡ್ರಗ್ಸ್ ತಗೊಂಡು ಮಾಡುವ ಸೆಕ್ಸ್) ಬಗ್ಗೆ ಮಾತುಕತೆಯೂ ನಡೆಯುತ್ತಿತ್ತು. ನಿಮ್ಮ ಹತ್ತಿರ ಅಂಥದ್ದು ಇಲ್ಲದಿದ್ದರೆ ಎಚ್‌ಐವಿ ಕ್ಲಿನಿಕ್‌ನ ಕೌನ್ಸೆಲರ್ ಅಥವಾ ಎಲ್‌ಜಿಬಿಟಿ ಸಂಘಟನೆಯಿಂದ ಶುರು ಮಾಡಿ. ಪೂರ್ತಿ ಬಿಡುವ ಮನಸ್ಸು ಬಂದಾಗ ಕ್ರಿಸ್ಟಲ್ ಮೆತ್ ಅನಾನಿಮಸ್‌ನ ಆನ್‌ಲೈನ್ ಸಭೆಗಳಿವೆ, ಎಲ್ಲಿಂದಲಾದರೂ ಸೇರಬಹುದು. ಪಾರ್ಟಿ ಮುಗಿದ ಎರಡು ಮೂರು ದಿನಕ್ಕೆ ಮನಸ್ಸು ಪಾತಾಳಕ್ಕಿಳಿದು ಸಾಯುವ ಯೋಚನೆ ಬಂದರೆ ಕಾಯಬೇಡಿ, ಅವತ್ತೇ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ, ಯಾರನ್ನಾದರೂ ಪಕ್ಕಕ್ಕೆ ಕರೆಸಿಕೊಳ್ಳಿ.

ಪ್ರಶ್ನೆ: ನಾನು ಬೈಸೆಕ್ಷುಯಲ್, ಮದುವೆಯಾಗಿದೆ. ನಿನ್ನೆ ರಾತ್ರಿ ಏನೋ ಕುಡಿಸಿದರು, ಆಮೇಲಿನದ್ದು ಅರ್ಧ ನೆನಪೇ ಇಲ್ಲ. ಕಾಂಡೋಮ್ ಇರಲಿಲ್ಲ ಅನ್ನಿಸುತ್ತೆ. ಹೆಂಡತಿಗೆ ಏನೂ ಗೊತ್ತಿಲ್ಲ.

ಉತ್ತರ: ನಿಮ್ಮ ಕಾಗದಕ್ಕೆ ಕೂಡಲೇ ಖಾಸಗಿಯಾಗಿ ಉತ್ತರ ಕಳಿಸಿದ್ದೇವೆ. ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲೂ ಬರೆಯುತ್ತಿದ್ದೇನೆ. ಎಚ್‌ಐವಿ ತಡೆಯುವ ಪೆಪ್ ಮಾತ್ರೆಗಳನ್ನು ಸಂಪರ್ಕವಾದ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ತಪ್ಪದೆ ತಗೊಳ್ಳಬೇಕು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ‘ಪೆಪ್ ಬೇಕು’ ಅಂತಲೇ ಕೇಳಿ. ಎಚ್‌ಐವಿ ಇಲ್ಲ ಅಂತ ಗೊತ್ತಾಗುವವರೆಗೆ ಮನೆಯಲ್ಲೂ ಕಾಂಡೋಮ್ ಬಳಸಿ, ಸಿಫಿಲಿಸ್, ಗೊನೊರಿಯಾ ಪರೀಕ್ಷೆಯನ್ನೂ ಮಾಡಿಸಿ. ಮುಂದೆಯೂ ಹೀಗೆ ಹೋಗುವ ಸಾಧ್ಯತೆ ಇದ್ದರೆ ಪ್ರೆಪ್ (ಎಚ್‌ಐವಿ ತಗಲದಂತೆ ಮೊದಲೇ ತಗೊಳ್ಳುವ ಔಷಧಿ) ಬಗ್ಗೆ ಕೇಳಿ. ಪ್ರಜ್ಞೆ ಇಲ್ಲದಿರುವಾಗ ನಡೆದದ್ದಕ್ಕೆ ನಿಮ್ಮ ಒಪ್ಪಿಗೆ ಇರಲಿಲ್ಲ. ನೀವಾಗೇ ಆ ರೂಮಿಗೆ ಹೋಗಿದ್ದರೂ ಅಷ್ಟೇ, ಗಂಡಸಾದರೂ ಅಷ್ಟೇ. ದೂರು ಕೊಡಬೇಕೋ ಬೇಡವೋ, ಹೆಂಡತಿಗೆ ಹೇಗೆ ಹೇಳಬೇಕು, ಇವಕ್ಕೆಲ್ಲ ಆಮೇಲೆ ಕೌನ್ಸೆಲರ್ ಜೊತೆ ಕೂತು ಯೋಚಿಸಬಹುದು. ಮಾತ್ರೆಗೆ ಮಾತ್ರ ಇವತ್ತೇ ಹೋಗಬೇಕು.