ಜಿಜಿಟಿ ಜಾಸ್ತಿ ಬಂದಿದೆ ಅಂದ್ರೆ ಕುಡಿದಿದ್ದಾನೆ ಅಂತಾನಾ?

ಜಿಜಿಟಿ ಅಂದ್ರೆ ರಕ್ತ ಪರೀಕ್ಷೆಯಲ್ಲಿ ಅಳೆಯೋ ಲಿವರಿನ ಒಂದು ಎಂಜೈಮು. ಹೆಸರು, ಕೆಲಸ, ಓಣಿ ಎಲ್ಲಾ ಬದಲಾಯಿಸಿದೀನಿ. ಇವರನ್ನ ಮಂಜಣ್ಣ ಅಂತ ಕರೀತೀನಿ. ವಯಸ್ಸು ನಲವತ್ತರ ಹತ್ರ, ದಾವಣಗೆರೆ ಎಪಿಎಂಸಿಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸ. ಮೆಕ್ಕೆಜೋಳದ ಸೀಜನ್ ಬಂತು ಅಂದ್ರೆ ರಾತ್ರಿ ಹತ್ತಾದ್ರೂ ಮನೆ ಸೇರಲ್ಲ, ಲೋಡ್ ಇಳಿಸಿದ ಮೇಲೆ ಹಮಾಲರ ಜೊತೆ ಒಂದು ನೈಂಟಿ ಅಂತ ಶುರುವಾಗಿದ್ದು ದಿನಕ್ಕೆ ಎರಡು ಕ್ವಾರ್ಟರಿಗೆ ಬಂದು ನಿಂತಿತ್ತು. ಅದರ ಜೊತೆಗೆ ಬೈಪೋಲಾರ್ ಅನ್ನೋ ಮಾನಸಿಕ ಕಾಯಿಲೆ ಬೇರೆ. ಕೆಲವು ವಾರ ನಿದ್ದೆನೇ ಬೇಡ, ಮಾತು ನಿಲ್ಲಲ್ಲ, ಸಾಲ ಮಾಡಿ ಹಳೇ ಟ್ರ್ಯಾಕ್ಟರ್ ತಂದು ನಿಲ್ಲಿಸ್ತಾರೆ, ಆಮೇಲೆ ತಿಂಗಳುಗಟ್ಟಲೆ ಮುಸುಕು ಹೊದ್ದು ಮಲಗ್ತಾರೆ. ಮನೋವೈದ್ಯರು ವಾಲ್‌ಪ್ರೊಯೇಟ್ ಕೊಟ್ಟಿದ್ರು. ಅದು ಮೂರ್ಛೆರೋಗಕ್ಕೂ ಕೊಡೋ ಮಾತ್ರೆ, ಹಂಗಾಗಿ "ಫಿಟ್ಸ್ ಇಲ್ದಿದ್ರೂ ಫಿಟ್ಸ್ ಗುಳಿಗೆ ಯಾಕ್ರಿ" ಅಂತ ಮನೇಲಿ ಒಂದು ಜಗಳ ಆಗಲೇ ಆಗಿತ್ತು.

ನನ್ನ ಹತ್ರ ಬಂದಿದ್ದು ಮೂರು ಜನ: ಮಂಜಣ್ಣ, ಹೆಂಡತಿ, ಅವರ ಅಣ್ಣ. ಅಣ್ಣನ ಕೈಲಿ ಲ್ಯಾಬ್ ರಿಪೋರ್ಟು, ಜಿಜಿಟಿ 142 ಅನ್ನೋದ್ರ ಕೆಳಗೆ ಕೆಂಪು ಪೆನ್ನಲ್ಲಿ ಎರಡು ಗೆರೆ. "ಮೇಡಂ, ಇವ್ನು ಮೂರು ತಿಂಗ್ಳಿಂದ ಮುಟ್ಟೇ ಇಲ್ಲ ಅಂತಾನ್ರಿ. ಯೂಟ್ಯೂಬಲ್ಲಿ ನೋಡೀನಿ, ಜಿಜಿಟಿ ಏರಿದ್ರೆ ಕುಡಿದಾನ ಅಂತಾನೇ ಅರ್ಥ. ರಕ್ತ ಸುಳ್ಳು ಹೇಳ್ತದೇನ್ರಿ?" ಮಂಜಣ್ಣ ನೆಲ ನೋಡ್ಕೊಂಡು ಕೂತಿದ್ರು. ಶುಗರ್ ಚೆಕ್ ಮಾಡ್ಸೋಣ ಬಾ ಅಂತ ಕರ್ಕೊಂಡು ಹೋಗಿ, ಪೂರ್ತಿ ಪ್ಯಾಕೇಜ್ ಮಾಡಿಸಿ, ರಿಪೋರ್ಟನ್ನ ಅವರಿಗೆ ಕೊಡದೇ ಅಣ್ಣನೇ ಇಸ್ಕೊಂಡಿದ್ರು ಅನ್ನೋದು ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು.

ಮೊದಲು ಅಣ್ಣನ ಹತ್ರ ರಿಪೋರ್ಟ್ ಇಸ್ಕೊಂಡು ಮಂಜಣ್ಣನ ಕೈಗೆ ಕೊಟ್ಟೆ. "ಇದು ನಿಮ್ದು, ನೀವು ಹೂಂ ಅಂದ್ರೆ ಎಲ್ಲರೂ ಸೇರಿ ಓದೋಣ" ಅಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ಮಾಹಿತಿ ಗುಟ್ಟಾಗಿಡೋ ಹಕ್ಕು ಸ್ಪಷ್ಟವಾಗಿ ಇದೆ, ಆದ್ರೆ ಅಲ್ಲಿ ಕಾಯ್ದೆ ಮಾತು ಎತ್ತಿದ್ರೆ ಅಣ್ಣ ಎದ್ದೇ ಹೋಗ್ತಿದ್ರೇನೋ, ಅದಕ್ಕೆ ಎತ್ತಲಿಲ್ಲ. ಮಂಜಣ್ಣ ಸ್ವಲ್ಪ ಹೊತ್ತು ಬಿಟ್ಟು "ಓದ್ರಿ" ಅಂದ್ರು.

ಈಗ ಆ ರಿಪೋರ್ಟಲ್ಲಿ ಏನಿತ್ತು ನೋಡಿ. ಜಿಜಿಟಿ ಜಾಸ್ತಿ ಇತ್ತು ನಿಜ. ಆದ್ರೆ ಅಣ್ಣ ಗೆರೆ ಹಾಕದೇ ಇರೋ ಸಾಲುಗಳೂ ಇದ್ವಲ್ಲ. ಎಎಸ್‌ಟಿ 48, ಎಎಲ್‌ಟಿ 71, ಇವೂ ಲಿವರ್ ಟೆಸ್ಟಲ್ಲಿ ನೋಡೋ ಎಂಜೈಮುಗಳೇ. ಕುಡಿತದಿಂದ ಲಿವರ್ ಕೆಟ್ಟಾಗ ಸಾಮಾನ್ಯವಾಗಿ ಎಎಸ್‌ಟಿ ಮೇಲಿರತ್ತೆ, ಎಎಲ್‌ಟಿಯ ಎರಡರಷ್ಟೂ ಆಗಬಹುದು, ಇಲ್ಲಿ ಉಲ್ಟಾ. ಇದು ಹೆಚ್ಚಾಗಿ ಕಾಣೋದು ಲಿವರಲ್ಲಿ ಕೊಬ್ಬು ಸೇರಿದಾಗ. ವಾಲ್‌ಪ್ರೊಯೇಟ್ ಶುರುವಾದ ಮೇಲೆ ಮಂಜಣ್ಣನ ಹೊಟ್ಟೆ ಮುಂದೆ ಬಂದಿತ್ತು, ಆ ಮಾತ್ರೆ ತೂಕ ಏರಿಸತ್ತೆ, ಲಿವರ್ ಎಂಜೈಮನ್ನೂ ಏರಿಸಬಹುದು. ಶುಗರ್, ಬೊಜ್ಜು, ಬೇರೆ ಮಾತ್ರೆ ಇವೆಲ್ಲದರಿಂದಲೂ ಜಿಜಿಟಿ ಮೇಲೆ ಹೋಗತ್ತೆ. ಕುಡಿತ ಬಿಟ್ರೆ ಅದು ಕೆಲವು ವಾರದಲ್ಲಿ ಇಳಿಯತ್ತೆ, ಆದ್ರೆ ಇಳೀಲಿಲ್ಲ ಅಂದ ಮಾತ್ರಕ್ಕೆ ಬಾಟಲಿ ಹುಡುಕೋದಲ್ಲ, ಬೇರೆ ಕಾರಣ ಹುಡುಕಬೇಕು.

ಎಂಸಿವಿ 101 ಇತ್ತು, ಅಂದ್ರೆ ಕೆಂಪು ರಕ್ತಕಣ ಸ್ವಲ್ಪ ದೊಡ್ಡದಾಗಿವೆ. ಅದಕ್ಕೂ ಅಣ್ಣ ಬೆರಳು ತೋರಿಸಿದ್ರು. ಕೆಂಪು ಕಣದ ಆಯಸ್ಸೇ ಸುಮಾರು 120 ದಿನ, ಕುಡೀತಿದ್ದ ಕಾಲದಲ್ಲಿ ಹುಟ್ಟಿದ ಕಣಗಳು ಇನ್ನೂ ಓಡಾಡ್ತಿರ್ತವೆ, ಮೂರು ತಿಂಗಳಿಗೆ ಅದು ನಾರ್ಮಲ್ ಆಗಲೇಬೇಕು ಅಂತೇನಿಲ್ಲ. ಬಿ12 ಕಮ್ಮಿ ಇದ್ರೂ, ಥೈರಾಯ್ಡ್ ಕಮ್ಮಿ ಇದ್ರೂ ಹಂಗೇ ಬರತ್ತೆ, ಅವೆರಡೂ ಮಂಕು ಹಿಡಿಸೋ ಕಾಯಿಲೆಗಳೇ ಆಗಿರೋದ್ರಿಂದ ಡಾಕ್ಟರ್ ಹತ್ರ ಚೆಕ್ ಮಾಡ್ಸಿ ಅಂತ ಬರೆದುಕೊಟ್ಟೆ.

ಇಷ್ಟು ಆದ್ಮೇಲೆ ಹೆಂಡತಿ ಬ್ಯಾಗಿಂದ ಒಂದು ಪ್ಯಾಕೆಟ್ ತೆಗೆದ್ರು. ಎದುರಿಗೆ ಅಲ್ಲ, ಗಂಡ ನೀರು ಕುಡಿಯೋಕೆ ಹೊರಗೆ ಹೋದಾಗ. ಬಿಳಿ ಪುಡಿ, ಮೇಲೆ "ಮದ್ಯಪಾನ ಬಿಡಿಸುವ ಗುಪ್ತ ಔಷಧಿ" ಅಂತ ಅಚ್ಚು, ಒಳಗೆ ಏನು ಹಾಕಿದಾರೆ ಅಂತ ಒಂದಕ್ಷರ ಇಲ್ಲ. ಸಂತೇಲಿ ಯಾರೋ ಮಾರಿದ್ದಂತೆ, ದಿನಾ ಸಾರಿಗೆ ಬೆರೆಸ್ತಿದ್ರು. "ಗೊತ್ತಾದ್ರೆ ತಿನ್ನಲ್ಲ ಅಂತ ಹೇಳ್ಲಿಲ್ರಿ ಮೇಡಂ, ಮಕ್ಕಳ ಮುಖ ನೋಡಿ ಹಾಕಿದ್ದು." ಅವರ ಮೇಲೆ ಸಿಟ್ಟು ಬರಲಿಲ್ಲ. ಮಾರಿದವನ ಮೇಲೆ ಬಂತು. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಅನ್ನೋ ಕುಡಿತ ಬಿಡಿಸೋ ಔಷಧಿ ಇದ್ರೂ ಇರಬಹುದು, ಅದು ದೇಹದಲ್ಲಿರುವಾಗ ಕುಡಿದ್ರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಬಿದ್ದು, ಹೃದಯಕ್ಕೂ ತೊಂದರೆ ಆಗಿ ಜೀವ ಹೋಗೋ ಸಾಧ್ಯತೆ ಇದೆ. ಅದಕ್ಕೇ ಡಾಕ್ಟರುಗಳು ರೋಗಿಗೆ ಹೇಳದೇ ಅದನ್ನ ಕೊಡಲೇಬಾರದು. ಮಾನಸಿಕ ಕಾಯಿಲೆ ಇರೋರಲ್ಲಿ ತಲೆ ಕೆಡೋದು ಇನ್ನೂ ಜಾಸ್ತಿಯಾಗಬಹುದು. ಎಲ್ಲಕ್ಕಿಂತ ಮುಖ್ಯ, ಲಿವರಿಗೆ ಪೆಟ್ಟು ಕೊಡೋ ಗುಣ ಡೈಸಲ್ಫಿರಾಮಿಗೇ ಇದೆ. ಅಂದ್ರೆ ಕುಡಿತ ಬಿಡಿಸೋಕೆ ಅಂತ ಹಾಕಿದ ಪುಡಿನೇ ಕುಡಿದಾನೆ ಅನ್ನೋ ರಿಪೋರ್ಟ್ ತಂದಿರಬಹುದು!

ಪುಡಿ ಇವತ್ತಿಂದಲೇ ನಿಲ್ಸಿ, ಪ್ಯಾಕೆಟ್ ಬಿಸಾಕಬೇಡಿ, ಡಾಕ್ಟರಿಗೆ ತೋರಿಸಿ ಅಂದೆ. ಗಂಡನಿಗೆ ನೀವೇ ಹೇಳಬೇಕು, ನಾನು ಪಕ್ಕದಲ್ಲಿ ಇರ್ತೀನಿ ಅಂತಲೂ ಹೇಳಿದೆ. ಮುಂದಿನ ವಾರ ಹೇಳಿದ್ರು. ಅಳು, ಕೂಗಾಟ ಎಲ್ಲಾ ಆಯ್ತು, ಅದನ್ನ ಇಲ್ಲಿ ಬರೆಯಲ್ಲ.

ಆವತ್ತೇ ಮಂಜಣ್ಣ ಇನ್ನೊಂದು ವಿಷಯ ಬಾಯಿ ಬಿಟ್ರು. ನೆಂಟರ ಮದುವೇಲಿ ಒಂದು ರಾತ್ರಿ ಕುಡಿದಿದ್ರಂತೆ. ಒಂದೇ ರಾತ್ರಿ, ಮತ್ತೆ ಇಲ್ಲ. ಪುಡಿ ಶುರುವಾಗಿದ್ದು ಅದಾದ ಮೇಲೆ, ದೇವರು ದೊಡ್ಡವನು. ಗಮನಿಸಿ, ಒಂದು ರಾತ್ರಿ ಕುಡಿದಿದ್ದಕ್ಕೆ ಜಿಜಿಟಿ ತಿಂಗಳುಗಟ್ಟಲೆ 142ರಲ್ಲಿ ನಿಲ್ಲಲ್ಲ. ಮನುಷ್ಯ ಮಾಡದೇ ಇರೋ ತಪ್ಪಿಗೆ ರಿಪೋರ್ಟ್ ಹಿಡ್ಕೊಂಡು ಬೈದ್ರು, ನಿಜವಾಗ್ಲೂ ಕಾಲು ಜಾರಿದ ಆ ಒಂದು ರಾತ್ರಿ ರಿಪೋರ್ಟಿಗೆ ಕಾಣಲೇ ಇಲ್ಲ. ಅದು ಆಚೆ ಬಂದಿದ್ದು ಬೈಗುಳ ನಿಂತ ಮೇಲೆ.

ಅಣ್ಣನಿಗೆ ಸಮಾಧಾನ ಆಗಲಿಲ್ಲ. ಹಂಗಿದ್ರೆ ಖಚಿತವಾಗಿ ಹೇಳೋ ಟೆಸ್ಟೇ ಇಲ್ವಾ ಅಂದ್ರು. ಇದೆ, ಪೆತ್ ಅಂತ, ಪೂರ್ತಿ ಹೆಸರು ಫಾಸ್ಫಟೈಡಿಲ್ ಎಥನಾಲ್. ಮೈಯಲ್ಲಿ ಆಲ್ಕೋಹಾಲ್ ಇದ್ರೆ ಮಾತ್ರ ಹುಟ್ಟೋ ವಸ್ತು ಅದು, ಎರಡು ಮೂರು ವಾರದವರೆಗೂ ರಕ್ತದಲ್ಲಿ ಗುರುತು ಬಿಟ್ಟಿರತ್ತೆ, ಲಿವರ್ ಕೊಬ್ಬಿನಿಂದ ಏರಲ್ಲ. ಆದ್ರೆ ಎಲ್ಲಾ ಕಡೆ ಮಾಡಲ್ಲ. ಮಾಡಿಸೋದಾದ್ರೆ ಮಂಜಣ್ಣ ತಾನೇ ಒಪ್ಪಿ, ಡಾಕ್ಟರ್ ಬರೆದು ಮಾಡಿಸಬೇಕು, ಶುಗರ್ ಹೆಸರು ಹೇಳಿ ಕರ್ಕೊಂಡು ಹೋಗೋದಲ್ಲ ಅಂದೆ. ಅದಕ್ಕೆ ಅವರ ಮುಖ ಸ್ವಲ್ಪ ಸಣ್ಣದಾಯ್ತು.

ಅವರ ಫೋನಲ್ಲಿ ಇನ್ನೊಂದು ಇತ್ತು, ರಕ್ತದಲ್ಲೇ ಡಿಪ್ರೆಶನ್ ಕಂಡುಹಿಡೀತಾರೆ ಅನ್ನೋ ವಿಡಿಯೋ, ಸಿಆರ್‌ಪಿ, ಇಂಟರ್‌ಲ್ಯೂಕಿನ್ 6, ಬಿಡಿಎನ್‌ಎಫ್ ಅಂತೆಲ್ಲಾ ಹೆಸರು. ಸಂಶೋಧನೆ ನಡೀತಿರೋದು ನಿಜ. ಚಟ ಒಂದೇ ಇರೋರು, ಚಟದ ಜೊತೆ ಮಾನಸಿಕ ಕಾಯಿಲೆನೂ ಇರೋರು, ಇವರ ರಕ್ತದಲ್ಲಿ ಉರಿಯೂತದ ಗುರುತು (ಸಿಆರ್‌ಪಿ, ಇಂಟರ್‌ಲ್ಯೂಕಿನ್ 6), ಮೆದುಳಿನ ಬೆಳವಣಿಗೆಗೆ ಬೇಕಾದ ಪ್ರೋಟೀನು (ಬಿಡಿಎನ್‌ಎಫ್) ಬೇರೆ ಬೇರೆ ಇರತ್ತಾ ಅಂತ ಹೋಲಿಸಿ ನೋಡ್ತಾರೆ. ಗುಂಪಿನ ಸರಾಸರಿಯಲ್ಲಿ ಕೆಲವು ಸಲ ವ್ಯತ್ಯಾಸ ಸಿಗತ್ತೆ. ಆದ್ರೆ ನನ್ನ ಎದುರಿಗೆ ಕೂತ ಒಬ್ಬ ಮಂಜಣ್ಣನಿಗೆ ಬೈಪೋಲಾರ್ ಇದೆಯಾ ಇಲ್ವಾ ಅಂತ ಅದು ಹೇಳಲ್ಲ, ಬೀಡಿ ಸೇದಿದ್ರೂ, ದಪ್ಪ ಆದ್ರೂ, ನೆಗಡಿ ಜ್ವರ ಬಂದಿದ್ರೂ ಸಿಆರ್‌ಪಿ ಏರತ್ತೆ. ಕುಡಿತದಿಂದ ಬಂದ ಮಂಕು ಯಾವುದು, ಬೇರೆ ಕಾಯಿಲೆ ಯಾವುದು ಅಂತ ಬೇರ್ಪಡಿಸೋಕೆ ಡಾಕ್ಟರುಗಳು ಇವತ್ತಿಗೂ ಮಾಡೋದು ಕುಡಿತ ನಿಲ್ಲಿಸಿ ಮೂರು ನಾಲ್ಕು ವಾರ ನೋಡೋದು, ಮನೆಯವರನ್ನ ಕೇಳೋದು, ಹಳೇ ಕಥೆ ಕೇಳೋದು. ಆ ವಿಡಿಯೋದಲ್ಲಿ ಹೇಳೋ ಟೆಸ್ಟುಗಳ ದುಡ್ಡು ಉಳಿಸಿ ಅಂದೆ.

ಮನೆಗೆ ಹೇಳಿದ್ದು ಇಷ್ಟು. ರಾತ್ರಿ ಬಾಯಿ ಮೂಸಿ ನೋಡೋದು ಬಿಡಿ. ರಿಪೋರ್ಟ್ ಮಂಜಣ್ಣನ ಫೈಲಲ್ಲೇ ಇರ್ಲಿ, ಡಾಕ್ಟರ್ ಹೇಳಿದಾಗ ಮತ್ತೆ ಎಲ್‌ಎಫ್‌ಟಿ (ಲಿವರ್ ಟೆಸ್ಟ್) ಮಾಡಿಸಿ, ಒಂದು ಸಲದ ಅಂಕಿ ಬಿಟ್ಟು ಏರ್ತಿದೆಯಾ ಇಳೀತಿದೆಯಾ ನೋಡಿ. ಕಾಯಿಲೆ ತಿರುಗಿ ಬರೋದು ನಿದ್ದೆಯಲ್ಲಿ ಮೊದಲು ಗೊತ್ತಾಗತ್ತೆ, ಎರಡು ರಾತ್ರಿ ಮಲಗದೇ ಇದ್ದೂ ಸುಸ್ತಿಲ್ಲ ಅಂದ್ರೆ ಫೋನ್ ಮಾಡಿ. ಮುಂದೆ ಎಂದಾದ್ರೂ ದಿನಾ ಕುಡಿಯೋದು ಮತ್ತೆ ಶುರುವಾದ್ರೆ ಮನೇಲಿ ಕೂಡಿಹಾಕಿ ಒಂದೇ ಸಲ ನಿಲ್ಲಿಸಬೇಡಿ, ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ, ಆಸ್ಪತ್ರೆಯಲ್ಲೇ ಬಿಡಿಸಬೇಕು, ಬಿ1 ವಿಟಮಿನ್ ಕೊಡೋದೂ ಅಲ್ಲೇ. ಸಾಯೋ ಮಾತಾಡಿದ್ರೆ ಅದೇ ದಿನ ಕರ್ಕೊಂಡು ಬನ್ನಿ, ರಾತ್ರಿಯಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಪುಡಿ ನಿಂತ ಮೇಲೆ ಜಿಜಿಟಿ ಅರ್ಧಕ್ಕೆ ಇಳೀತು. ಲಿವರ್ ನೋಡ್ಕೊಂಡು ಮನೋವೈದ್ಯರು ವಾಲ್‌ಪ್ರೊಯೇಟ್ ನಿಧಾನಕ್ಕೆ ಬಿಡಿಸಿ ಲಿಥಿಯಂ ಅನ್ನೋ ಬೈಪೋಲಾರಿನ ಇನ್ನೊಂದು ಮಾತ್ರೆ ಶುರು ಮಾಡಿದಾರೆ. ಇದರ ರಕ್ತ ಪರೀಕ್ಷೆ ಮಾತ್ರ ತಪ್ಪಿಸೋ ಹಂಗಿಲ್ಲ, ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದ್ಮೇಲೆ, ಬೆಳಗಿನ ಮಾತ್ರೆ ಇದ್ರೆ ಅದನ್ನ ನುಂಗದೇ ರಕ್ತ ಕೊಡಬೇಕು, ರಕ್ತದಲ್ಲಿ ಲಿಥಿಯಂ ಲೆವೆಲ್ ಸಾಮಾನ್ಯವಾಗಿ 0.6ರಿಂದ 1.0 ಒಳಗೆ ಇರಬೇಕು, ಜೊತೆಗೆ ಕಿಡ್ನಿ, ಥೈರಾಯ್ಡ್ ಆಗಾಗ. ಏಪ್ರಿಲ್ ಬಿಸಿಲಲ್ಲಿ ಎಪಿಎಂಸಿ ಅಂಗಳದಲ್ಲಿ ಬೆವರು ಸುರಿಸಿ ನೀರು ಕುಡೀದೇ ಇದ್ರೆ ಲೆವೆಲ್ ಏರಿಬಿಡತ್ತೆ, ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಗೊಂಡ್ರೂ ಏರತ್ತೆ. ಏರಿದಾಗ ಏನಾಗತ್ತೆ ಅಂತ ಅಣ್ಣನಿಗೇ ಕೂರಿಸಿ ಹೇಳಿದೆ: ಕೈ ನಡುಗತ್ತೆ, ಮಾತು ತೊದಲತ್ತೆ, ನಡೆಯುವಾಗ ತೂರಾಡ್ತಾರೆ. ನೋಡೋರಿಗೆ ಥೇಟ್ ಕುಡಿದಂಗೇ ಕಾಣತ್ತೆ. ಆಗ ಮತ್ತೆ ಕುಡಿದು ಬಂದ ಅಂತ ಬೈದು ಮಲಗಿಸಿದ್ರೆ ಕೆಲಸ ಕೆಡತ್ತೆ, ಮಾತ್ರೆ ನಿಲ್ಸಿ ಸೀದಾ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಲಿಥಿಯಂ ತಗೋತಿದಾರೆ ಅಂತ ಬಾಗಿಲಲ್ಲೇ ಹೇಳಿ. ಅಣ್ಣ ಅದನ್ನ ಆ ಕೆಂಪು ಪೆನ್ನಲ್ಲೇ ಬರ್ಕೊಂಡ್ರು.