ಪ್ರತಿಕ್ರಿಯೆ: 1770ರ ದಶಕದ ಇಂಗ್ಲಿಷ್ ಕೋಟಿಗೆ ತಂದ ಉಣ್ಣೆ ಬಟ್ಟೆಯ ಅಂಚು ಬಿಚ್ಚಿಕೊಳ್ಳುತ್ತಿರುವುದು

1770ರ ದಶಕದ ಮಾದರಿಯ ಇಂಗ್ಲಿಷ್ ಕೋಟು ಹೊಲಿಯಲು ಸೂಟಿಂಗ್ ಅಂಗಡಿಯಿಂದ ತಂದ ಉಣ್ಣೆ ಬಟ್ಟೆಯ ಅಂಚು ಬಿಚ್ಚಿಕೊಳ್ಳುತ್ತಿದೆ ಎಂದು ಬರೆದಿದ್ದೀರಿ. ಕತ್ತರಿಸಿದ ಅಂಚು ಹೀಗೆ ಎಳೆಎಳೆಯಾಗಿ ಬಿಚ್ಚಿಕೊಳ್ಳಲು ಕಾರಣ ನಿಮ್ಮ ಕತ್ತರಿಯಲ್ಲ, ಬಟ್ಟೆಯ ಜಾತಿ. ಸೂಟಿಂಗ್ ಅಂಗಡಿಯದ್ದಾದ್ದರಿಂದ ಅದು ಬಹುಶಃ ವರ್ಸ್ಟೆಡ್ ಇರಬೇಕು. ಉದ್ದನೆಯ ಎಳೆಗಳನ್ನು ಬಾಚಿ, ಬಿಗಿಯಾಗಿ ಹುರಿಗೊಳಿಸಿ ನೇಯ್ದ ಈ ಬಟ್ಟೆಯಲ್ಲಿ ನೇಯ್ಗೆಯ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಆ ಕಾಲದ ಕೋಟುಗಳಿಗೆ ಬಳಸುತ್ತಿದ್ದ ಬ್ರಾಡ್‌ಕ್ಲಾತ್ ಎಂಬ ಉಣ್ಣೆ ಬಟ್ಟೆಯನ್ನಾದರೋ ಮಗ್ಗದಿಂದ ಇಳಿಸಿದ ಮೇಲೆ ನೀರಿನಲ್ಲಿ ಕುಟ್ಟಿ ಕುಗ್ಗಿಸಿ, ಮೇಲ್ಮೈಯ ನವಿರನ್ನು ಎಬ್ಬಿಸಿ ಸಮನಾಗಿ ಕತ್ತರಿಸುತ್ತಿದ್ದರು. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತಿದ್ದುದರಿಂದಲೇ ದರ್ಜಿಗಳು ಅಂಚನ್ನು ಮಡಿಸದೆ ಬಿಡುವುದು ಸಾಧ್ಯವಾಗುತ್ತಿತ್ತು.

ಮೊದಲು ಒಂದೆರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿನಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಕೃತಕ ಎಳೆ ಬೆರೆತಿದೆ, ಮುಂದಿನ ಪರೀಕ್ಷೆ ವ್ಯರ್ಥ. ಉಣ್ಣೆಯೇ ಆಗಿದ್ದರೆ 20 ಸೆಂ.ಮೀ. ಚೌಕವೊಂದನ್ನು ಬಿಸಿನೀರು ಮತ್ತು ಸೋಪಿನಲ್ಲಿ ಚೆನ್ನಾಗಿ ಉಜ್ಜಿ, ಒಣಗಿಸಿ, ಮತ್ತೆ ಅಳೆಯಿರಿ. ಬ್ರಾಡ್‌ಕ್ಲಾತಿನಂತೆ ಕುಗ್ಗಿ ಗಟ್ಟಿಯಾದರೆ ಅಂಚು ಬಿಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ. ವರ್ಸ್ಟೆಡ್ ಸಾಮಾನ್ಯವಾಗಿ ಹೆಚ್ಚು ಕುಗ್ಗುವುದಿಲ್ಲವಾದರೂ ಕೆಲವು ಬಟ್ಟೆಗಳು ಆಶ್ಚರ್ಯಪಡಿಸುತ್ತವೆ, ಆದ್ದರಿಂದ ಚೌಕದ ಫಲಿತಾಂಶವನ್ನೇ ನಂಬಿ.

ಕುಗ್ಗದಿದ್ದರೆ ಅದನ್ನು ಅಂಚು ಮಡಿಸಿ, ಅಸ್ತರು ಕೊಟ್ಟು ಹೊಲಿಯುವ ವೇಸ್ಟ್‌ಕೋಟಿಗೆ ಇಟ್ಟುಕೊಂಡು, ಕೋಟಿಗೆ ತೆಳುವಾದ ಮೆಲ್ಟನ್ (ಹಾಗೆಯೇ ಕುಗ್ಗಿಸಿ ಗಟ್ಟಿಮಾಡಿದ ಉಣ್ಣೆ ಬಟ್ಟೆ) ಹುಡುಕಿ. ಓವರ್‌ಕೋಟಿನ ದಪ್ಪ ಮೆಲ್ಟನ್ ಬೇಡ. ಅದರಲ್ಲಿ ಕೋಟಿನ ಪಕ್ಕದ ನೆರಿಗೆಗಳು ದಿಂಬಿನಂತೆ ಉಬ್ಬುತ್ತವೆ. ಅಂಗಡಿಯಲ್ಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒತ್ತಿ, ಹಾಗೆ ಉಬ್ಬುತ್ತದೆಯೇ ನೋಡಿ, ಬಳಿಕ ಕತ್ತರಿಸಿದ ಮಾದರಿ ಚೂರಿನ ಅಂಚನ್ನು ಉಗುರಿನಿಂದ ಬಲವಾಗಿ ಕೆರೆಯಿರಿ. ಉಬ್ಬದೆ, ಎಳೆಯೂ ಹೊರಬಾರದಿದ್ದರೆ ಕೊಳ್ಳಬಹುದು.