ಹಳೆಯ ಚಿತ್ರಗಳ ಯೋಧರನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮಧ್ಯಯುಗದ ಯುರೋಪಿನಲ್ಲಿ ನಡೆಯುವ ನಾಟಕವೊಂದಕ್ಕೆ ಉಡುಪು, ಕವಚ ಮತ್ತು ಆಯುಧಗಳನ್ನು ರೂಪಿಸುತ್ತಿದ್ದೇನೆ. 19ನೆಯ ಶತಮಾನದ ಬಣ್ಣದ ಚಿತ್ರಸಂಪುಟಗಳಲ್ಲಿ ಎಲ್ಲವೂ ಸ್ಪಷ್ಟವಾಗಿದೆ. ಮಧ್ಯಯುಗದವರೇ ಬಿಡಿಸಿದ ಚಿತ್ರಗಳು ಒರಟಾಗಿ ಕಾಣುತ್ತವೆ. ಯಾವುದನ್ನು ಅನುಸರಿಸಲಿ?

ಉತ್ತರ: ಒರಟಾಗಿ ಕಂಡರೂ ಆ ಕಾಲದ ಚಿತ್ರಗಳನ್ನೇ ಮೊದಲ ಆಧಾರವಾಗಿ ಇಟ್ಟುಕೊಳ್ಳಿ. ಪ್ಯಾರಿಸ್‌ನಲ್ಲಿ 1876ರಿಂದ 1888ರವರೆಗೆ ಕಂತುಗಳಲ್ಲಿ ಹೊರಬಂದ ಫ್ರೆಂಚ್ ಕಲಾವಿದ ಒಗುಸ್ತ್ ರಾಸಿನೆ ಅವರ ಉಡುಪಿನ ಇತಿಹಾಸದ ಸಂಪುಟಗಳ ಬಣ್ಣದ ಕಲ್ಲಚ್ಚು ಇಂದಿಗೂ ಬೆರಗು ಹುಟ್ಟಿಸುವಂಥದ್ದು. ಆದರೆ ಅವುಗಳ ಮಧ್ಯಯುಗದ ಭಾಗ ಹಳೆಯ ಚಿತ್ರಗಳನ್ನು ಮತ್ತು ಉಳಿದಿರುವ ವಸ್ತುಗಳನ್ನು ನೋಡಿ ಮಾಡಿದ ಮರುಚಿತ್ರಣ. ಹೀಗೆ ಮರುಚಿತ್ರಿಸುವಾಗ ಮೂಲದಲ್ಲಿ ಮಸುಕಾಗಿದ್ದುದನ್ನು ಕಲಾವಿದನ ಊಹೆ ಸದ್ದಿಲ್ಲದೆ ತುಂಬಿಬಿಡುತ್ತದೆ.

ಊಹೆ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಫ್ರಾನ್ಸಿನ ಬಾಯೂ ಕಸೂತಿಪಟವನ್ನು ನೋಡಿ. ಸುಮಾರು 70 ಮೀಟರ್ ಉದ್ದದ, 11ನೆಯ ಶತಮಾನದ ಆ ಪಟದಲ್ಲಿ ಸೈನಿಕರ ಕವಚವು ದೊಡ್ಡ ಬಳೆಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುತ್ತದೆ. ಒಂದರೊಳಗೊಂದು ಕೊಂಡಿ ಹಾಕಿ ಹೆಣೆದ ಸಾವಿರಾರು ಸಣ್ಣ ಉಂಗುರಗಳನ್ನು ಸೂಜಿ ದಾರದಲ್ಲಿ ತೋರಿಸಲು ಸಾಧ್ಯವಿಲ್ಲದ್ದರಿಂದ ಹೊಲಿದವರು ಕಂಡುಕೊಂಡ ಸಂಕೇತವದು. ಕವಚಗಳ ಶಾಸ್ತ್ರೀಯ ಅಧ್ಯಯನಕ್ಕೆ ತಳಪಾಯ ಹಾಕಿದ ಸ್ಯಾಮ್ಯುಯೆಲ್ ರಶ್ ಮೆಯ್ರಿಕ್ ಅವರು ಇಂಥ ಒಂದೊಂದು ಸಂಕೇತವನ್ನೂ ಒಂದೊಂದು ಪ್ರತ್ಯೇಕ ಬಗೆಯ ಕವಚವೆಂದು ಭಾವಿಸಿ, 1824ರ ತಮ್ಮ ಗ್ರಂಥದಲ್ಲಿ ಅವಕ್ಕೆ ಬೇರೆಬೇರೆ ಹೆಸರುಗಳನ್ನೇ ಕೊಟ್ಟರು. ಅಷ್ಟು ದೊಡ್ಡ ವಿದ್ವಾಂಸರ ಮಾತಾದ್ದರಿಂದ ಮುಂದಿನ ಚಿತ್ರಕಾರರು ಆ ಕವಚಗಳನ್ನು ನಂಬಿ ಬಿಡಿಸಿದರು. ನಿಮ್ಮ ನಟರಿಗೆ ಬಟ್ಟೆಯ ಮೇಲೆ ಬಿಡಿ ಬಳೆಗಳನ್ನು ಹೊಲಿದ ಅಂಗಿ ತೊಡಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮಧ್ಯಯುಗದ ಚಿತ್ರಗಳನ್ನು ನೋಡುವಾಗಲೂ ಕಥೆಯ ಕಾಲ ಬೇರೆ, ಚಿತ್ರದ ಕಾಲ ಬೇರೆ ಎಂಬುದು ನೆನಪಿರಲಿ. 1240ರ ದಶಕದ ಮಾರ್ಗನ್ ಚಿತ್ರ ಬೈಬಲ್‌ನಲ್ಲಿ ಹಳೆಯ ಒಡಂಬಡಿಕೆಯ ಯುದ್ಧಗಳಿವೆ. ಅಲ್ಲಿ ಹೋರಾಡುವವರು ತೊಟ್ಟಿರುವುದು ಮಾತ್ರ 13ನೆಯ ಶತಮಾನದ ಉಂಗುರ ಕವಚ, ಹಿಡಿದಿರುವುದು ಆ ಶತಮಾನದ ಖಡ್ಗ. ಆ ಕಥೆಗಳ ರಾಜ ದಾವೀದನ ಕಾಲದ ಬಗ್ಗೆ ಏನನ್ನೂ ಹೇಳದ ಆ ಪುಟಗಳು ಚಿತ್ರಕಾರನ ಕಾಲಕ್ಕೆ ಅಮೂಲ್ಯ ಸಾಕ್ಷಿ.

ಅಚ್ಚಾದ ಚಿತ್ರವಾದರೆ ಖಡ್ಗ ಯಾವ ಸೊಂಟದಲ್ಲಿದೆ ಎಂದು ಗಮನಿಸಿ. ಒಂದು ಚಿತ್ರವನ್ನು ಇದ್ದಂತೆಯೇ ತಾಮ್ರದ ಫಲಕದ ಮೇಲೆ ಕೊರೆದರೆ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಬಲಗೈ ಯೋಧರು ಸಾಮಾನ್ಯವಾಗಿ ಖಡ್ಗವನ್ನು ಎಡಸೊಂಟದಲ್ಲಿ ತೂಗುಹಾಕುತ್ತಿದ್ದರು. ಚಿತ್ರದಲ್ಲಿ ಎಲ್ಲರೂ ಎಡಚರಾಗಿ ಕಂಡರೆ ಅದನ್ನು ಕನ್ನಡಿಯಲ್ಲಿ ನೋಡಿ ಬಳಸಿಕೊಳ್ಳಿ.

ಪ್ರಶ್ನೆ: ವೈಕಿಂಗ್ ಯೋಧರ ಶಿರಸ್ತ್ರಾಣಕ್ಕೆ ಕೊಂಬುಗಳಿದ್ದವೇ?

ಉತ್ತರ: ಅವರು ಕೊಂಬಿನ ಶಿರಸ್ತ್ರಾಣ ಧರಿಸಿ ಯುದ್ಧಕ್ಕೆ ಹೋಗುತ್ತಿದ್ದರೆಂಬುದಕ್ಕೆ ಆಧಾರವಿಲ್ಲ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಸಂಗೀತ ಸಂಯೋಜಕ ವಾಗ್ನರ್ ಅವರ, ಉತ್ತರ ಯುರೋಪಿನ ಪುರಾಣಕಥೆಗಳನ್ನು ಆಧರಿಸಿದ ಸಂಗೀತನಾಟಕ ಮಾಲೆ ರಂಗಕ್ಕೆ ಬಂದಾಗ ಕಾರ್ಲ್ ಎಮಿಲ್ ಡೋಪ್ಲರ್ ರಚಿಸಿದ ಉಡುಪುಗಳಿಂದ ಈ ಕಲ್ಪನೆ ಬಹುವಾಗಿ ಹರಡಿತು. ನಾರ್ವೆಯ ಯೆರ್ಮುಂಡ್‌ಬುವಿನಲ್ಲಿ 1943ರಲ್ಲಿ ದೊರೆತ 10ನೆಯ ಶತಮಾನದ ಶಿರಸ್ತ್ರಾಣವು ಗುಂಡನೆಯ ಕಬ್ಬಿಣದ ಟೋಪಿ. ಕಣ್ಣುಗಳ ಸುತ್ತ ಕನ್ನಡಕದಂಥ ರಕ್ಷಣೆಯಿದೆ, ಕೊಂಬುಗಳಿಲ್ಲ.